ಹೇಳಿದ್ದನ್ನು ಚೆನ್ನಾಗಿ ಕೇಳುತ್ತಾಳೆ

ನಾನು ಬರೆದ ಒಂದು ಸಾಲಿನಿಂದ ಒಬ್ಬ ಹುಡುಗಿಗೆ ಸಿಗಬೇಕಾದ ಶಾಲೆ ತಪ್ಪಿಹೋಗುವುದರಲ್ಲಿತ್ತು. ಮೊಮ್ಮಕ್ಕಳೇ, ನಿಮ್ಮಮ್ಮ ಈ ಸಂಗತಿಯನ್ನು ನೆಂಟರ ಮುಂದೆ ಹೇಳಿ ನಗಿಸುತ್ತಾಳೆ. ಅವಳು ಶುರು ಮಾಡಿದ ಕೂಡಲೇ ನಾನು ನೀರು ತರುವ ನೆಪ ಮಾಡಿ ಒಳಗೆ ಹೋಗುತ್ತೇನೆ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಹುಣಸೂರಿನ ಆ ಕೇಂದ್ರಕ್ಕೆ ನಾನು ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಅಂಗವಿಕಲ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಜಾಗ ಅದು. ಅಲ್ಲಿನ ಮೇಡಂ ನಮ್ಮ ಕೆ.ಆರ್. ನಗರದ ಕಡೆಯವರು. ನಿಮ್ಮ ತಾತ ಊರೂರಿಗೆ ಹೋಗಿ ನಾಟಕ ಕಲಿಸುತ್ತಿದ್ದ ಕಾಲದಲ್ಲಿ ನಾನು ಪೆಟ್ಟಿಗೆ ನುಡಿಸುವುದನ್ನು ಅವರು ಎಲ್ಲೋ ಕೇಳಿದ್ದರಂತೆ. ಪೆಟ್ಟಿಗೆ ಎಂದರೆ ಹಾರ್ಮೋನಿಯಂ, ನಮ್ಮ ಕಡೆ ಯಾರೂ ಆ ಉದ್ದದ ಹೆಸರು ಹೇಳುವುದಿಲ್ಲ. ತಾತ ತೀರಿಹೋದ ಮೇಲೆ ಪೆಟ್ಟಿಗೆ ಎರಡು ವರ್ಷ ಅಟ್ಟದ ಮೇಲೆ ಇತ್ತು. ಮೇಡಂ ಹುಡುಕಿಕೊಂಡು ಬಂದು ಮಕ್ಕಳಿಗೆ ಹಾಡು ಹೇಳಿಕೊಡಿ ಎಂದಾಗ, ನಾನು ಏಳನೇ ಕ್ಲಾಸಿನ ತನಕ ಓದಿದವಳು, ಸಂಗೀತದ ಪರೀಕ್ಷೆ ಕಟ್ಟಿದವಳಲ್ಲ ಎಂದೆ.

“ನಮ್ಗೆ ಪರೀಕ್ಷೆ ಬೇಕಾಗಿಲ್ಲ ಕಣ್ರೀ. ಮಕ್ಳು ಒಂದ್ಗಂಟೆ ಸುಮ್ನೆ ಕೂತ್ಕೊಂಡ್ರೆ ಸಾಕು,” ಎಂದರು.

ಸುಮ್ಮನೆ ಕೂರಿಸುವುದಕ್ಕೆ ಹಾಡು ಯಾಕೆ ಬೇಕು ಎಂದು ನನಗೆ ಆಗಲೇ ಅನುಮಾನ ಬಂತು. ಯಾರಾದರೂ ದೊಡ್ಡವರು ಬಂದಾಗ ತೋರಿಸುವುದಕ್ಕೆ ಒಂದು ಸಂಗೀತದ ತರಗತಿ ಬೇಕಾಗಿದೆ, ಅಷ್ಟೇ ಅಂದುಕೊಂಡೆ. ಆದರೂ ಒಪ್ಪಿಕೊಂಡೆ. ಪೆಟ್ಟಿಗೆಯನ್ನು ಮತ್ತೆ ಮುಟ್ಟುವುದಕ್ಕೆ ನನಗೂ ಒಂದು ನೆಪ ಬೇಕಾಗಿತ್ತು.

ಲೆಕ್ಕಕ್ಕೆ ಏಳು ಮಕ್ಕಳು. ಎಲ್ಲರಿಗೂ ಒಂದೇ ಪಾಠ ಹೇಳಿದರೆ ಒಬ್ಬರಿಗೂ ಹತ್ತುವುದಿಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು. ಹ್ಯಾಂಡ್‌ಪೋಸ್ಟ್‌ ಎಂಬ ಊರಿನಿಂದ ಬಂದು ಹುಣಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದ ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣದು. ಬಲು ಒಳ್ಳೆಯ ಕಂಠ, ಒಂದು ಸಲ ಕೇಳಿದರೆ ಹಿಡಿದುಕೊಳ್ಳುತ್ತಿದ್ದಳು. ಆದರೆ ಪೆಟ್ಟಿಗೆಯ ಮನೆಗಳ ಮೇಲೆ, ಎಂದರೆ ಒತ್ತಿ ನುಡಿಸುವ ಕರಿ ಬಿಳಿ ಪಟ್ಟಿಗಳ ಮೇಲೆ, ಬೆರಳಿಟ್ಟರೆ ಷಡ್ಜ ಎಲ್ಲಿ, ಪಂಚಮ ಎಲ್ಲಿ ಎಂದು ಸಿಕ್ಕುತ್ತಿರಲಿಲ್ಲ. ಬಣ್ಣ ಹಚ್ಚಿ ಗುರುತು ಮಾಡಿದರೆ ಅವಳಿಗೆ ಉಪಯೋಗವಿಲ್ಲ, ಮರಕ್ಕೆ ಕೊಯ್ದು ಗುರುತು ಮಾಡಲು ನನಗೆ ಮನಸ್ಸಿಲ್ಲ. ಕಡೆಗೆ ಬಸ್‌ ಸ್ಟ್ಯಾಂಡಿನ ಹತ್ತಿರದ ಬಳೆ ಅಂಗಡಿಗೆ ಹೋಗಿ ಕಲ್ಲು ಕೂರಿಸಿದ ಅಂಟು ಬೊಟ್ಟಿನ ಒಂದು ಪಟ್ಟಿ ಕೇಳಿದೆ. ಅಂಗಡಿಯವಳು ನನ್ನ ಬರಿಯ ಹಣೆಯನ್ನೂ ಬೋಳು ಕೈಯನ್ನೂ ನೋಡಿದಳು.

“ಯಾರ್ಗವ್ವಾ?”

“ಪೆಟ್ಗೆಗೆ.”

“ಪೆಟ್ಗೆಗೆ ಬೊಟ್ಟಾ?”

“ಊ ಕಣವ್ವಾ. ಕೈಗೆ ಚುಚ್ಚೋ ಅಂಗೆ ಕಲ್ಲಿರೋದು ಕೊಡು.”

ಅವಳು ಪಟ್ಟಿ ಕೊಟ್ಟಳು, ನಂಬಲಿಲ್ಲ. ನಾನು ಮೆಟ್ಟಿಲಿಳಿಯುವ ತನಕ ನೋಡುತ್ತಲೇ ಇದ್ದಳು. ಷಡ್ಜಕ್ಕೆ ಒಂದು ಬೊಟ್ಟು, ಪಂಚಮಕ್ಕೆ ಎರಡು ಅಂಟಿಸಿದೆ. ಹ್ಯಾಂಡ್‌ಪೋಸ್ಟ್‌ ಹುಡುಗಿಯ ಬೆರಳು ಅಂದೇ ದಾರಿ ಹಿಡಿಯಿತು. ಬಲಗೈ ಸೆಟೆದುಕೊಂಡಿದ್ದ ಒಬ್ಬ ಹುಡುಗನಿಗೆ ತಾಳ ಹಿಡಿಯಲು ಆಗುತ್ತಿರಲಿಲ್ಲ, ಹಳೆಯ ಲಂಗದ ಎಲಾಸ್ಟಿಕ್ಕಿಗೆ ಗೆಜ್ಜೆ ಹೊಲಿದು ಅವನ ಮಣಿಕಟ್ಟಿಗೆ ಹಾಕಿದೆ. ಜೋರು ಸದ್ದಾದರೆ ಕಿವಿ ಮುಚ್ಚಿಕೊಂಡು ಚೀರುವ ಮಗು ಒಂದಿತ್ತು. ಅದನ್ನು ಬಾಗಿಲ ಪಕ್ಕ ಕೂರಿಸಿ, ಸಾಕು ಎನಿಸಿದಾಗ ತಾನೇ ಎದ್ದು ಹೊರಗೆ ಹೋಗಬಹುದು ಎಂದು ಕೈಸನ್ನೆಯಲ್ಲಿ ತೋರಿಸಿಕೊಟ್ಟೆ. ಒಂದು ತಿಂಗಳಾದ ಮೇಲೆ ಅದು ಹೊರಗೆ ಹೋಗುವುದನ್ನೇ ಬಿಟ್ಟಿತು.

ಆರು ಮಕ್ಕಳಿಗೆ ಹೀಗೆ ಏನೋ ಒಂದು ದಾರಿಯಾಯಿತು. ಏಳನೆಯವಳು ಕೋಣೆಯಲ್ಲಿ ಇರುತ್ತಲೇ ಇರಲಿಲ್ಲ. ಪಿರಿಯಾಪಟ್ಟಣದ ಕಡೆಯ, ಹನ್ನೊಂದು ವರ್ಷದ, ಕಿವಿ ಕೇಳದ ಹುಡುಗಿ. ಹಾಡಿನ ಗಂಟೆ ಹೊಡೆದ ಕೂಡಲೇ ಅವಳನ್ನು ಅಡುಗೆಮನೆಗೆ ಕಳಿಸುತ್ತಿದ್ದರು. ಅಲ್ಲಿ ಅಡುಗೆಯವಳ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಪೆಟ್ಟಿಗೆ ತೆರೆದಾಗ ಅಡುಗೆಮನೆಯ ಕಿಟಕಿಯಲ್ಲಿ ಅವಳ ಎರಡು ಕಣ್ಣು ಕಾಣಿಸುತ್ತಿದ್ದವು.

ಮೇಡಂಗೆ ಹೇಳಿದೆ. ಅವರು ಹುಬ್ಬೇರಿಸಿದರು. “ಕಿವಿ ಕೇಳ್ದೆ ಇರೋ ಮಗೂಗೆ ಸಂಗೀತ ಹೇಳ್ಕೊಡ್ತೀನಿ ಅಂದ್ರೆ ನೋಡ್ದೋರು ನಮ್ಮನ್ನ ಏನಂತಾರೆ? ನಿಮ್ಮ ಮನ್ಸಲ್ಲಿ ಏನಿದೆ ಹೇಳಿ ಮೊದ್ಲು.”

ನನ್ನ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಕಿಟಕಿಯಿಂದ ಯಾರಾದರೂ ನೋಡುತ್ತಿದ್ದರೆ ನನಗೆ ಹಾಡಲು ನಾಚಿಕೆ, ಒಳಗೇ ಬಂದು ಕೂತರೆ ವಾಸಿ ಎಂದೆ. ಮೇಡಂ ನಕ್ಕುಬಿಟ್ಟರು. ಹುಡುಗಿ ಒಳಗೆ ಬಂದಳು. ಅರ್ಧ ಚಂದ್ರದಂತೆ ಚಾಪೆ ಹಾಸಿದ್ದೆವು, ಅವಳು ನಡುವೆ, ಪೆಟ್ಟಿಗೆಯ ಎದುರಿಗೆ ಕೂತಳು.

ನಾನು ಮಕ್ಕಳಿಗೆಂದು ಬಸ್ಸಿನ ಊರುಗಳ ಹೆಸರು ಪೋಣಿಸಿ ಒಂದು ಹಾಡು ಕಟ್ಟಿದ್ದೆ. ನಾಲ್ಕು ಎಣಿಕೆಯ ಹಾಡು. ಪ್ರತಿ ಎಣಿಕೆಗೂ ಒಂದು ಚಪ್ಪಾಳೆ, ಮೊದಲನೆಯದು ಜೋರು. ಮೊದಲ ಎರಡು ವಾರ ಹುಡುಗಿ ಸುಮ್ಮನೆ ನೋಡಿದಳು. ಮೂರನೇ ವಾರ ತೊಡೆಯ ಮೇಲೆ ಬೆರಳು ಆಡಿಸತೊಡಗಿದಳು. ನಾಲ್ಕನೇ ವಾರ ಚಪ್ಪಾಳೆ. ಅಷ್ಟಾದರೆ ಪಕ್ಕದವರನ್ನು ನೋಡಿ ಹಾಕುತ್ತಿದ್ದಾಳೆ ಎನ್ನಬಹುದಿತ್ತು. ಪಕ್ಕದವರು ತಪ್ಪಿದಾಗಲೂ ಅವಳು ತಪ್ಪುತ್ತಿರಲಿಲ್ಲ. ನಾನು ಕಾಲ ಇಳಿಸಿ ನಿಧಾನ ಮಾಡಿದರೆ ಅವಳೂ ಇಳಿಸುತ್ತಿದ್ದಳು, ಏರಿಸಿದರೆ ಉಳಿದವರಿಗಿಂತ ಮೊದಲು ಏರಿಸುತ್ತಿದ್ದಳು.

ನನಗೆ ಸಂತೋಷವಾಗಬೇಕಿತ್ತು. ಆದದ್ದು ಅನುಮಾನ.

ಪಕ್ಕದಲ್ಲಿದ್ದ ಹ್ಯಾಂಡ್‌ಪೋಸ್ಟ್‌ ಹುಡುಗಿ ಮೊಣಕಾಲಿನಿಂದ ತಟ್ಟಿ ಹೇಳಿಕೊಡುತ್ತಿದ್ದಾಳೆಂದು ಇಬ್ಬರನ್ನೂ ದೂರ ಕೂರಿಸಿದೆ. ತಾಳ ಹಾಗೇ ಇತ್ತು. ಹಾಗಾದರೆ ಇವಳಿಗೆ ಕೇಳಿಸುತ್ತದೆ ಎಂದುಕೊಂಡೆ. ಒಂದು ದಿನ ಅವಳು ಅತ್ತ ತಿರುಗಿ ಕೂತಿದ್ದಾಗ ಹಿಂದಿನಿಂದ ಹಿತ್ತಾಳೆ ಚೊಂಬನ್ನು ನೆಲಕ್ಕೆ ಬಿಟ್ಟೆ. ಬಾಗಿಲ ಪಕ್ಕದ ಮಗು ಚೀರಿತು, ಎಲ್ಲ ಮಕ್ಕಳೂ ತಿರುಗಿದರು, ಅವಳೂ ತಿರುಗಿದಳು. ಸದ್ದಿಗೆ ತಿರುಗಿದಳೋ, ಎಲ್ಲರೂ ತಿರುಗಿದರೆಂದು ತಿರುಗಿದಳೋ? ಅಡುಗೆಯವಳು ಸೌಟು ಹಿಡಿದುಕೊಂಡು ಓಡಿಬಂದಳು. “ಏನವ್ವಾ, ಚೊಂಬ್ಗೂ ತಾಳ ಕಲಿಸ್ತಾ ಇದ್ದೀರಾ?” ಎಂದಳು. ಇನ್ನೊಂದು ಸಂಜೆ ಬಸ್‌ ನಿಲ್ದಾಣದಲ್ಲಿ ಆ ಹುಡುಗಿಯ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದೆ. ಥಟ್ಟನೆ ತಿರುಗಿದಳು. ಬಿಸಿಲು ನನ್ನ ಹಿಂದಿತ್ತು, ನೆರಳು ಅವಳ ಕಾಲ ಮುಂದೆ ಬಿದ್ದಿತ್ತು ಎಂಬುದು ಬಸ್ಸು ಹತ್ತಿ ಕೂತ ಮೇಲೆ ಹೊಳೆಯಿತು.

ಪ್ರತಿ ಶನಿವಾರ ಪ್ರಗತಿ ಪುಸ್ತಕದಲ್ಲಿ ಒಂದೊಂದು ಮಗುವಿನ ಬಗ್ಗೆ ಒಂದೆರಡು ಸಾಲು ಬರೆಯಬೇಕಾಗಿತ್ತು. ಬರೆಯುವ ಕೆಲಸ ನನಗೆ ರೂಢಿ ಇರಲಿಲ್ಲ. ನಾನು ಓದಿದ ಹೊಸ ಅಗ್ರಹಾರದ ಶಾಲೆಯಲ್ಲಿ ಮೇಷ್ಟ್ರು ಒಳ್ಳೆಯ ಮಕ್ಕಳ ಬಗ್ಗೆ ಏನು ಬರೆಯುತ್ತಿದ್ದರೋ ಅದನ್ನೇ ನೆನಪು ಮಾಡಿಕೊಂಡು ಬರೆಯುತ್ತಿದ್ದೆ. ಆ ಹುಡುಗಿಯ ಹಾಳೆಯಲ್ಲಿ ಹೀಗೆ ಬರೆದೆ: “ಹೇಳಿದ್ದನ್ನು ಚೆನ್ನಾಗಿ ಕೇಳುತ್ತಾಳೆ. ತಾಳ ತಪ್ಪುವುದಿಲ್ಲ.”

ಹೇಳಿದ ಮಾತು ಕೇಳುವ ಹುಡುಗಿ, ಅಂದರೆ ವಿಧೇಯಳು. ನಾನು ಬರೆದದ್ದು ಅದೇ ಅರ್ಥದಲ್ಲಿ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಮಗೆ ಮಾತ್ರ ಹೇಳುತ್ತೇನೆ, ಬರೆಯುವಾಗ ಇನ್ನೊಂದು ಅರ್ಥವೂ ನನ್ನ ತಲೆಯಲ್ಲಿ ಸುಳಿದಿತ್ತು. ಸುಳಿದ ಮೇಲೂ ಹೊಡೆದುಹಾಕಲಿಲ್ಲ.

ಮುಂದಿನ ತಿಂಗಳು ಒಬ್ಬ ಅಧಿಕಾರಿ ಬಂದರು. ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳಿಗೆಂದೇ ಇರುವ ಶಾಲೆಗೆ ಆ ಹುಡುಗಿಯನ್ನು ಸೇರಿಸಲು ಮೇಡಂ ಅರ್ಜಿ ಹಾಕಿದ್ದರು. ಅಲ್ಲಿ ಕೈಮಾತು ಕಲಿಸುತ್ತಾರೆ, ಅಲ್ಲೇ ಉಳಿದು ಓದಬಹುದು. ಹುಡುಗಿಗೆ ಅದುವರೆಗೆ ತನ್ನ ಹೆಸರನ್ನು ಬಿಟ್ಟು ಏನೂ ಬರೆಯಲು ಬರುತ್ತಿರಲಿಲ್ಲ, ಮನೆಯಲ್ಲಿ ನಾಲ್ಕೈದು ಸನ್ನೆಗಳಲ್ಲೇ ಅವಳ ಬದುಕೆಲ್ಲ ಮುಗಿಯುತ್ತಿತ್ತು. ಅಧಿಕಾರಿ ಶಿಫಾರಸು ಬರೆದರೆ ಸೀಟು, ಇಲ್ಲದಿದ್ದರೆ ಇಲ್ಲ. ಅವರು ಕನ್ನಡಕ ಏರಿಸಿ ಪುಸ್ತಕ ತಿರುವುತ್ತಾ ಬಂದು ಒಂದು ಕಡೆ ನಿಂತರು.

“ಇದನ್ನ ಬರೆದವರು ಯಾರು?”

ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆಗೆ ಒತ್ತಿಕೊಂಡು ನಿಂತೆ.

“ಏನಮ್ಮ, ಹೇಳಿದ್ದನ್ನ ಚೆನ್ನಾಗಿ ಕೇಳ್ತಾಳಾ?”

“ಊ ಸಾ. ಏಳ್ದಂಗೆ ಕೇಳ್ತಾಳೆ ಸಾ.”

“ಎಷ್ಟು ದೂರದಿಂದ ಹೇಳಿದ್ರೆ ಕೇಳ್ತಾಳೆ?”

ಅವರು ಕೇಳುತ್ತಿರುವುದು ಬೇರೆ ಎಂದು ಆಗ ಗೊತ್ತಾಯಿತು. “ಅಂಗಲ್ಲ ಸಾ, ಕೇಳ್ತಾಳೆ ಅಂದ್ರೆ ಕೇಳೋದಲ್ಲ ಸಾ. ಏಳಿದ್ದ ಕೇಳ್ತಾಳೆ ಅಂತ,” ಎಂದೆ. ನನ್ನ ಕಿವಿಗೇ ಅದು ಹುಚ್ಚರ ಮಾತಿನಂತೆ ಕೇಳಿಸಿತು.

ಅವರು ಪೆಟ್ಟಿಗೆ ತರಿಸಿದರು. ನಾನು ನುಡಿಸಿ ಹಾಡಿದೆ. ಹುಡುಗಿ ನಾಲ್ಕು ಎಣಿಕೆಯನ್ನು ಕೊನೆಯ ತನಕ ತಪ್ಪದೆ ಹಾಕಿ, ಮುಗಿದ ಮೇಲೆ ನನ್ನನ್ನು ನೋಡಿ ನಕ್ಕಳು. ಅಧಿಕಾರಿ ನಗಲಿಲ್ಲ. “ಸುಳ್ಳು ಸರ್ಟಿಫಿಕೇಟ್‌ಗಳು ಬಹಳ ಬರ್ತಾವೆ ಈಗ. ಮುಂದಿನ ಗುರುವಾರ ಮತ್ತೆ ಬರ್ತೀನಿ. ಅಲ್ಲೀ ತನಕ ಶಿಫಾರಸು ಇಲ್ಲ,” ಎಂದು ಹೊರಟುಹೋದರು.

ಮರುದಿನವೇ ಹುಡುಗಿಯ ತಾಯಿ ಬಂದಳು. ಹೊಗೆಸೊಪ್ಪು ವಿಂಗಡಿಸುವ ಕಾಲ, ಕೆಲಸ ಬಿಟ್ಟು ಬಂದಿದ್ದಳು. ಬೆರಳೆಲ್ಲ ಸೊಪ್ಪಿನ ಅಂಟು ಹಿಡಿದು ಕಪ್ಪಾಗಿತ್ತು.

“ಯಾರಮ್ಮ ಅದು, ನನ್ ಮಗ್ಳಿಗೆ ಕಿವಿ ಕೇಳ್ತದೆ ಅಂತ ಬರ್ದೋರು?”

“ಕಿವಿ ಅಂತ ಬರ್ದಿಲ್ಲ ಕಣವ್ವಾ. ಮಾತು ಕೇಳ್ತಾಳೆ ಅಂತ ಬರ್ದೆ.”

“ಕಿವಿ ಇಲ್ದೆ ಮಾತು ಎಂಗ್ ಕೇಳ್ತಾಳೆ, ಮೂಗ್ನಲ್ಲಾ?”

ಬಾಗಿಲ ಹಿಂದೆ ಅಡುಗೆಯವಳು ಕಿಸಕ್ಕೆಂದಳು. ತಾಯಿ ಅವಳನ್ನೂ ದುರುಗುಟ್ಟಿ ನೋಡಿ ನನ್ನ ಹತ್ತಿರ ಬಂದು ದನಿ ಇಳಿಸಿದಳು.

“ಸತ್ಯ ಏಳಿ. ನಮ್ ದಾಯಾದಿಗಳು ಯಾರಾದ್ರೂ ಬಂದು ಬರ್ಸಿದ್ರಾ? ನಮ್ ಓರಗಿತ್ತಿ ಊರ್ ತುಂಬ ಅನ್ಕೊಂಡ್ ತಿರುಗ್ತಾವ್ಳೆ, ಮಗು ಕಿವುಡಿನ ನಾಟ್ಕ ಆಡ್ತದೆ ಅಂತ.”

“ನಿಮ್ಮೂರು ಯಾವ್ ದಿಕ್ಕಿಗದೆ ಅಂತಾನೂ ನಂಗೊತ್ತಿಲ್ಲ ಕಣವ್ವಾ.”

“ಗೊತ್ತಿಲ್ದೋರೇ ಮಾಡೋದು ಇಂತಾ ಕೆಲ್ಸ,” ಎಂದಳು. ಆಮೇಲೆ ಆ ಕಪ್ಪು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. “ಅವಾಗ ಎಂಟು ತಿಂಗ್ಳ ಕೂಸು ಅದು. ದೀಪಾವಳಿ ಪಟಾಕಿ ಕಿವಿ ಹತ್ರ ಒಡೆದ್ರೂ ಮಲ್ಗಿದ್ದದ್ದು ಮಲ್ಗೇ ಇತ್ತು. ಅವತ್ತಿಂದ ನಾನು ಎಷ್ಟು ಜನದ ಮುಂದೆ ಕಿವುಡು ಕಿವುಡು ಅಂತ ಸಾಬೀತು ಮಾಡ್ಕೊಂಡು ಬಂದಿದ್ದೀನಿ ಗೊತ್ತಾ? ಗುರುವಾರ ಆಯಪ್ಪ ಬತ್ತಾನಲ್ಲ, ಅವತ್ತು ತಾಳ ತಪ್ಪಿಸ್ಬುಡಿ. ತಪ್ಪಾಗಿ ಹಾಕು ಅಂತ ಕಲಿಸ್ಬುಡಿ.”

ಮೇಡಂ ಕೂಡ ಅದಕ್ಕೆ ಒಪ್ಪಿದರು. “ಅದೇ ಸುಲಭ. ಇಲ್ದಿದ್ರೆ ಅವತ್ತು ಜ್ವರ ಅಂತ ಹೇಳಿ ಅಡುಗೆಮನೇಲಿ ಕೂರಿಸ್ಬುಡೋಣ.”

ನಾನು ಮನೆಗೆ ಬಂದೆ. ಅವರು ಹೇಳಿದ್ದು ನನಗೂ ಸುಲಭವೇ ಆಗಿತ್ತು. ಆದರೆ ಒಂದು ವಿಷಯ ಕೊರೆಯುತ್ತಿತ್ತು. ಅವಳಿಗೆ ನಿಜವಾಗಿಯೂ ಕೇಳಿಸುವುದಿಲ್ಲ ಎಂಬುದು ನನಗೇ ಖಾತ್ರಿ ಇರಲಿಲ್ಲ. ಪಟಾಕಿಯ ಮಾತು ಹೇಳುವಾಗ ತಾಯಿಯ ಮುಖದಲ್ಲಿ ಸುಳ್ಳು ಕಾಣಲಿಲ್ಲ. ತಾಳದಲ್ಲೂ ಸುಳ್ಳು ಇರಲಿಲ್ಲ. ಎರಡೂ ನಿಜವಾದರೆ ನಡುವೆ ನನಗೆ ಕಾಣದ್ದು ಏನೋ ಇರಬೇಕು.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಅದೇ ಹಾಡು ನುಡಿಸುತ್ತಿದ್ದೆ. ನಿಮ್ಮಮ್ಮ ಎದುರಿಗೆ ಸೊಪ್ಪು ಸೋಸುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ನಕ್ಕಳು.

“ಏನತ್ತೆ, ತಿದಿ ಅಂಗ್ ಕುಟ್ತೀರಿ? ಭತ್ತ ಕುಟ್ದಂಗೆ. ಕಿತ್ತೋಯ್ತದೆ ಅಷ್ಟೇ.”

ತಿದಿ ಎಂದರೆ ಪೆಟ್ಟಿಗೆಗೆ ಗಾಳಿ ತುಂಬುವ ಮಡಿಕೆ ಹಾಳೆ. ಎಡಗೈಯಿಂದ ಒತ್ತುತ್ತಾ, ಬಲಗೈಯಿಂದ ಮನೆಗಳನ್ನು ನುಡಿಸಬೇಕು. ಚೆನ್ನಾಗಿ ಕಲಿತವರು ತಿದಿಯನ್ನು ಮೆಲ್ಲಗೆ, ಒಂದೇ ಸಮನೆ ಒತ್ತುತ್ತಾರೆ, ತಾಳಕ್ಕೂ ಅದಕ್ಕೂ ಸಂಬಂಧ ಇರುವುದಿಲ್ಲ. ನಾನು ಕಲಿತದ್ದು ನಿಮ್ಮ ತಾತನಿಂದ. ಅವರು ನಾಟಕ ಕಲಿಸುವ ಊರುಗಳಲ್ಲಿ ತಬಲದವರು ಕೊನೆಯ ವಾರವೇ ಬರುತ್ತಿದ್ದದ್ದು. ಅಲ್ಲಿಯವರೆಗೆ ಹೊಲಗೆಲಸದವರಿಗೆ ತಾಳ ತೋರಿಸುವುದಕ್ಕೆ ಅವರು ಎಣಿಕೆಗೊಂದು ಒತ್ತು ಕೊಟ್ಟು, ಮೊದಲ ಎಣಿಕೆಗೆ ಜೋರು ಒತ್ತು ಕೊಟ್ಟು ತಿದಿ ಒತ್ತುತ್ತಿದ್ದರು. ಅದು ನನ್ನ ಕೈಗೂ ಬಂದಿತ್ತು. ತಿದಿ ಇರುವುದು ಪೆಟ್ಟಿಗೆಯ ಆಚೆ ಬದಿಗೆ. ನುಡಿಸುವವರಿಗೆ ಅದು ಕಾಣುವುದಿಲ್ಲ. ಎದುರಿಗೆ ಕೂತವರಿಗೆ ಅದೊಂದೇ ಕಾಣುವುದು.

ನಾನು ಕೈ ನಿಲ್ಲಿಸಿ ನಿಮ್ಮಮ್ಮನ ಮುಖ ನೋಡಿದೆ. “ತಮಾಸೆಗಂದೆ ಕಣತ್ತೆ,” ಎಂದಳು, ನನಗೆ ಬೇಜಾರಾಯಿತೆಂದು.

ಸೋಮವಾರ ತರಗತಿಯಲ್ಲಿ ಹಾಡು ಅರ್ಧಕ್ಕೆ ಬಂದಾಗ ಸೆರಗನ್ನು ಬೇಕೆಂದೇ ಜಾರಿಸಿ ತಿದಿಯ ಮೇಲೆ ಇಳಿಬಿಟ್ಟೆ. ಒಳಗೆ ಕೈ ಆಡುತ್ತಲೇ ಇತ್ತು, ಹಾಡೂ ನಡೆಯುತ್ತಿತ್ತು. ಹುಡುಗಿ ಮುಂದೆ ಬಾಗಿದಳು. ಎರಡು ಚಪ್ಪಾಳೆ ಅಂದಾಜಿನ ಮೇಲೆ ಬಂದವು, ಮೂರನೆಯದು ತಪ್ಪಿತು, ಆಮೇಲೆ ಕೈ ಗಾಳಿಯಲ್ಲೇ ನಿಂತಿತು. ಸೆರಗು ತೆಗೆದೆ. ಮುಂದಿನ ಜೋರು ಒತ್ತಿಗೆ ಸರಿಯಾಗಿ ಬಂದು ಸೇರಿಕೊಂಡಳು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ ಆಯಿತು.

ಅವಳಿಗೆ ಒಂದಿಷ್ಟೂ ಕೇಳಿಸುತ್ತಿರಲಿಲ್ಲ. ಎರಡು ತಿಂಗಳು ನನ್ನ ಎಡಗೈಯನ್ನು ಓದಿಕೊಂಡು ತಾಳ ಹಾಕಿದ್ದಳು. ನಾನು ಅವಳ ಬೆನ್ನ ಹಿಂದೆ ಚೊಂಬು ಎತ್ತಿಹಾಕುತ್ತಿದ್ದೆ.

ಮೇಡಂಗೆ ಹೇಳಿದೆ: ಗುರುವಾರ ತಾಳ ತಪ್ಪಿಸುವುದೂ ಬೇಡ, ಜ್ವರವೂ ಬೇಡ. ಬಾಯಲ್ಲಿ ನಾಲ್ಕು ಎಣಿಕೆ ಹಾಡುತ್ತೇನೆ, ತಿದಿಯನ್ನು ಮೂರು ಎಣಿಕೆಗೆ ಒತ್ತುತ್ತೇನೆ. ಕೇಳಿಸುವವರು ನಾಲ್ಕು ಹಾಕುತ್ತಾರೆ. ಇವಳು ಮೂರು ಹಾಕುತ್ತಾಳೆ.

“ನೀವು ಇಷ್ಟೊಂದು ಮಾತಾಡಿದ್ದು ನಾನು ನೋಡೇ ಇಲ್ಲ,” ಎಂದು ಮೇಡಂ ನನ್ನನ್ನು ಒಂದು ಥರ ನೋಡಿದರು. “ಬಾಯಿ ಒಂದು ಕಡೆ, ಕೈ ಒಂದು ಕಡೆ. ನಿಮ್ ಕೈಲಾಯ್ತದಾ?”

ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಸೋಮವಾರ ಸಂಜೆಯಿಂದ ಬುಧವಾರದ ತನಕ ಕೂತೆ. ಮೊದಲು ಹಾಡೇ ಮೂರಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಆಮೇಲೆ ಹಾಡು ನಿಂತರೆ ಕೈ ಕುಂಟುತ್ತಿತ್ತು. ಬಲಗೈಯನ್ನೇ ಬಿಟ್ಟು, ಷಡ್ಜದ ಮನೆಯೊಂದು ಒತ್ತಿಯೇ ಇರುವಂತೆ ಕಡ್ಡಿ ಸಿಕ್ಕಿಸಿ, ಬರೀ ತಿದಿಯ ಮೂರನ್ನು ಎಣಿಸುತ್ತಾ ಬಸ್ಸಿನ ಹಾಡನ್ನು ಮಾತಿನಂತೆ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಹನ್ನೆರಡನೆಯ ಎಣಿಕೆಗೆ ಎರಡೂ ಒಟ್ಟಿಗೆ ಮುಗಿದು ಮತ್ತೆ ಒಟ್ಟಿಗೆ ಶುರುವಾಗುತ್ತವೆ. ಆ ಜಾಗ ಸಿಕ್ಕಿದ ಮೇಲೆ ಧೈರ್ಯ ಬಂತು. ನಿಮ್ಮಮ್ಮ ಬಾಗಿಲಲ್ಲಿ ನಿಂತು, “ಅತ್ತೆಗೆ ಏನೋ ಆಗದೆ ಕಣ್ರೀ,” ಎಂದು ನಿಮ್ಮಪ್ಪನನ್ನು ಕರೆದು ತೋರಿಸಿದಳು.

ಗುರುವಾರ ಅಧಿಕಾರಿ, ಮೇಡಂ, ಹುಡುಗಿಯ ತಾಯಿ ಮೂವರೂ ಕೋಣೆಯಲ್ಲಿದ್ದರು. ತಾಯಿ ನನ್ನನ್ನು ನೋಡುವುದಕ್ಕೇ ಇಷ್ಟಪಡಲಿಲ್ಲ. ತಿದಿಯ ಸಂಗತಿಯನ್ನು ಮೇಡಂ ವಿವರಿಸಿದರು. ಅಧಿಕಾರಿ ಕೇಳಿಸಿಕೊಂಡು ತಲೆಯಾಡಿಸಿದರು.

“ನೀವು ಮೊದಲೇ ಕಲಿಸಿಟ್ಟಿರಬಹುದು. ಹಾಗಾಗಿ ಯಾವಾಗ ಬದಲಾಯಿಸಬೇಕು ಅಂತ ನಾನು ಹೇಳ್ತೀನಿ. ಮಕ್ಕಳ ಹಿಂದೆ ನಿಂತಿರ್ತೀನಿ. ಬೆರಳೆತ್ತಿದ ಕೂಡಲೇ ಕೈ ಬದಲಾಯಿಸಿ.”

ಅವರ ಬೆರಳು ನನಗೆ ಕಾಣುತ್ತಿತ್ತು, ಹುಡುಗಿಗೆ ಕಾಣುವ ಹಾಗಿರಲಿಲ್ಲ. ಹಾಡು ಶುರು ಮಾಡಿದೆ. ಏಳು ಮಕ್ಕಳೂ ನಾಲ್ಕರಲ್ಲಿದ್ದರು. ಎರಡು ಸುತ್ತಾದ ಮೇಲೆ ಬೆರಳು ಎದ್ದಿತು. ನಾನು ತಿದಿಯನ್ನು ಮೂರಕ್ಕೆ ತಿರುಗಿಸಿದೆ. ಹ್ಯಾಂಡ್‌ಪೋಸ್ಟ್‌ ಹುಡುಗಿಯ ಜೊತೆ ಐದು ಮಕ್ಕಳು ನಾಲ್ಕರಲ್ಲೇ ಉಳಿದರು. ಪಿರಿಯಾಪಟ್ಟಣದ ಹುಡುಗಿಯ ಜೋರು ಚಪ್ಪಾಳೆ ಮೂರಕ್ಕೊಂದು ಬೀಳತೊಡಗಿತು. ಬೆರಳು ಇಳಿಯಿತು, ನಾಲ್ಕಕ್ಕೆ ಬಂದೆ, ಅವಳೂ ಬಂದಳು. ಮತ್ತೆ ಎದ್ದಿತು, ಅವಳು ಮತ್ತೆ ಮೂರಕ್ಕೆ ಹೋದಳು. ಮೇಡಂ ಉಸಿರು ಬಿಟ್ಟದ್ದು ಕೇಳಿಸಿತು.

ಅಧಿಕಾರಿಗೆ ಅಷ್ಟು ಸಾಲಲಿಲ್ಲ. ಮೂರನೆಯ ಸಲ ಬೆರಳೆತ್ತಿ ಇಳಿಸಲೇ ಇಲ್ಲ. ನಾನು ಮೂರರಲ್ಲೇ ಒತ್ತುತ್ತಾ ಹೋದೆ. ಆಗ ಹುಡುಗಿ ನನ್ನ ಕೈಯಿಂದ ಕಣ್ಣು ತೆಗೆದು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಲ್ಲರ ಜೋರು ಚಪ್ಪಾಳೆಯೂ ಒಟ್ಟಿಗೆ ಬೀಳುತ್ತಿತ್ತು, ತನ್ನದೊಂದು ಬೇರೆ. ಅವರನ್ನು ನೋಡಿ ಸರಿಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಮತ್ತೆ ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಚಪ್ಪಾಳೆ ನಿಲ್ಲಿಸಿ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು.

“ಸಾಕಮ್ಮ,” ಎಂದರು ಅಧಿಕಾರಿ. ಪ್ರಗತಿ ಪುಸ್ತಕ ತರಿಸಿ, ಕೆಂಪು ಶಾಯಿಯಲ್ಲಿ ನನ್ನ ಸಾಲನ್ನು ಹೊಡೆದು, “ಹೇಳಿದ್ದನ್ನು ಕಣ್ಣಿನಿಂದ ಗ್ರಹಿಸುತ್ತಾಳೆ” ಎಂದು ತಾವೇ ಬರೆದರು. ಶಿಫಾರಸಿಗೆ ರುಜು ಹಾಕಿದರು. ಹೊರಡುವಾಗಲೂ ಗೇಟಿನ ಹತ್ತಿರ ನಿಂತಿದ್ದ ಹುಡುಗಿಯ ಬೆನ್ನ ಹಿಂದೆ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿದರು. ಅವಳು ರಸ್ತೆ ನೋಡುತ್ತಿದ್ದಳು, ನೋಡುತ್ತಲೇ ಇದ್ದಳು. ಅವರು ಜೀಪು ಹತ್ತಿದರು.

ತಾಯಿ ನನ್ನ ಹತ್ತಿರ ಬಂದಳು. ಕಾಲಿಗೆ ಬಗ್ಗುವವಳಂತೆ ಬಗ್ಗಿ, ಮತ್ತೆ ನೆಟ್ಟಗಾದಳು. “ಬರಿಯೋವಾಗ ಒಸಿ ನೋಡ್ಕೊಂಡ್ ಬರೀರಿ ಅಮ್ಮಾರೆ,” ಎಂದಳು.

ನಿಮ್ಮಮ್ಮ ಕಥೆಯನ್ನು ಇಲ್ಲಿಗೆ ಮುಗಿಸುತ್ತಾಳೆ. ಅಧಿಕಾರಿಯ ಬೆರಳನ್ನೂ ನನ್ನ ಕೈಯನ್ನೂ ಅಭಿನಯ ಮಾಡಿ ತೋರಿಸುತ್ತಾಳೆ, ಎಲ್ಲರೂ ನಗುತ್ತಾರೆ. ನಾನು ಒಳಗೆ ಎದ್ದು ಹೋಗುವುದು ಆಮೇಲೆ ನಡೆದದ್ದರಿಂದ.

ಶನಿವಾರ ಹುಡುಗಿ ತನ್ನ ಜಾಗದಲ್ಲೇ ಬಂದು ಕೂತಳು. ಹಾಡು ಶುರುವಾಯಿತು. ಅವಳ ಕೈ ಕಂಕುಳಿನಿಂದ ಹೊರಗೆ ಬರಲಿಲ್ಲ. ನಾನು ತಿದಿಯನ್ನು ನಿಧಾನವಾಗಿ, ದೊಡ್ಡದಾಗಿ, ಯಾರಿಗೂ ತಪ್ಪದ ಹಾಗೆ ಒತ್ತಿ ತೋರಿಸಿದೆ. ಅವಳು ತಿದಿಯನ್ನು ನೋಡಿ, ಪಕ್ಕದವರ ಕೈ ನೋಡಿ, ನನ್ನ ಮುಖ ನೋಡಿದಳು. ಕಳ್ಳರನ್ನು ನೋಡುವ ನೋಟ ಹೇಗಿರುತ್ತದೆಂದು ಅಂದು ನನಗೆ ತಿಳಿಯಿತು. ನಿನಗಾಗಿಯೇ ಮಾಡಿದೆ ಮಗಳೇ, ನಿನ್ನ ಶಾಲೆಗಾಗಿ ಎಂದು ಹೇಳಲು ಅವಳಿಗೂ ನನಗೂ ನಡುವೆ ಯಾವ ಮಾತಿತ್ತು? ಕೈಮುಗಿದೆ. ನಮಸ್ಕಾರ ಎಂದುಕೊಂಡು ಅವಳೂ ಕೈಮುಗಿದು ಮತ್ತೆ ಕಂಕುಳಲ್ಲಿ ಇಟ್ಟುಕೊಂಡಳು. ಅದರ ಮುಂದಿನ ವಾರವೂ ಹೀಗೇ ಆಯಿತು.

“ಬುಡ್ರೀ, ಸೀಟು ಸಿಕ್ತಲ್ಲ. ಜೂನ್‌ಗೆ ಹೊರಟ್ಹೋಗ್ತಾಳೆ,” ಎಂದರು ಮೇಡಂ. ಹೋಗುತ್ತಾಳೆ ನಿಜ. ಅಲ್ಲಿ ಹೊಸ ಟೀಚರು ಕೈ ಎತ್ತಿ ಮಾತು ಹೇಳಿಕೊಡುವಾಗ ಇವಳು ಆ ಕೈಯನ್ನೂ ಹೀಗೇ ನೋಡಿದರೆ? ಕೈಯನ್ನು ನಂಬದೆ ಕೈಮಾತು ಹೇಗೆ ಕಲಿಯುತ್ತಾಳೆ? ಈ ಭಯ ನನ್ನನ್ನು ಬಿಡಲಿಲ್ಲ.

ಎರಡು ವಾರ ಬಿಟ್ಟು ಒಂದು ದಿನ ಹ್ಯಾಂಡ್‌ಪೋಸ್ಟ್‌ ಹುಡುಗಿಯನ್ನು ನನ್ನ ಜಾಗದಲ್ಲಿ ಕೂರಿಸಿ, ಮನೆಗಳ ಮೇಲೆ ಬೆರಳಿಡಿಸಿದೆ. ನಾನು ಎದ್ದು ಚಾಪೆಯ ಮೇಲೆ ಮಕ್ಕಳ ಸಾಲಿನಲ್ಲಿ ಕೂತೆ. ತಿದಿಗೆ ಯಾರೂ ಇರಲಿಲ್ಲ. ಹ್ಯಾಂಡ್‌ಪೋಸ್ಟ್‌ ಹುಡುಗಿ ಮನೆ ಒತ್ತಿದಳು, ಸದ್ದು ಬರಲಿಲ್ಲ. “ಗಾಳಿ ಇಲ್ಲ ಕಣಜ್ಜೀ,” ಎಂದಳು. ಕಾಯೋಣ ಎಂದೆ. ಪಿರಿಯಾಪಟ್ಟಣದ ಹುಡುಗಿ ಖಾಲಿ ಬಿದ್ದ ತಿದಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ.

ಬಹಳ ಹೊತ್ತು ಹಿಡಿಯಿತು. ಗೆಜ್ಜೆಯ ಹುಡುಗ ಆಕಳಿಸಿದ. ಅವಳು ಕುಕ್ಕರುಗಾಲಿನಲ್ಲಿ ಸರಿದು ಸರಿದು ಪೆಟ್ಟಿಗೆಯ ಹತ್ತಿರ ಬಂದಳು. ತಿದಿಯ ಅಂಚು ಹಿಡಿದು, ನಾನು ಒತ್ತುತ್ತಿದ್ದ ಹಾಗೆಯೇ ಒಂದು ಜೋರು, ಮೂರು ಮೆಲ್ಲಗೆ ಒತ್ತಿದಳು. ಹ್ಯಾಂಡ್‌ಪೋಸ್ಟ್‌ ಹುಡುಗಿಯ ಬೆರಳ ಕೆಳಗೆ ಷಡ್ಜ ಎದ್ದಿತು. ಅದನ್ನು ಹಿಡಿದು ಎಲ್ಲರೂ ಹಾಡಿದೆವು. ಅವಳ ಕೈ ನೋಡಿಕೊಂಡು ಚಪ್ಪಾಳೆ ಹಾಕಿದೆವು. ಅಂದಿನ ಕಾಲ ಅವಳದು, ಅವಳು ಇಳಿಸಿದಾಗ ಇಳಿದೆವು.

ಹಾಡು ಅರ್ಧಕ್ಕೆ ಬಂದಾಗ ಅವಳು ಥಟ್ಟನೆ ಕೈ ನಿಲ್ಲಿಸಿದಳು. ಪೆಟ್ಟಿಗೆ ನಿಂತಿತು, ಹಾಡು ನಿಂತಿತು, ಚಪ್ಪಾಳೆ ನಿಂತಿತು. ಅವಳು ತಲೆ ಎತ್ತಿ ಒಬ್ಬೊಬ್ಬರ ಬಾಯನ್ನೂ ಒಬ್ಬೊಬ್ಬರ ಕೈಯನ್ನೂ ನೋಡುತ್ತಾ ಬಂದಳು. ಯಾರ ಬಾಯೂ ಅಲುಗುತ್ತಿರಲಿಲ್ಲ. ಮತ್ತೆ ಒತ್ತಿದಳು, ಎಲ್ಲರೂ ಹಾಡಿದೆವು. ಮತ್ತೆ ನಿಲ್ಲಿಸಿದಳು. ಮೂರನೆಯ ಸಲ ನಿಲ್ಲಿಸಿದಾಗ ಬೇರೆ ಯಾರನ್ನೂ ನೋಡಲಿಲ್ಲ, ಮತ್ತೆ ಬಾಯಿ ಒಂದು ಕಡೆ, ಕೈ ಒಂದು ಕಡೆ ಹೋಗುತ್ತದೇನೋ ಎಂಬಂತೆ ನನ್ನೊಬ್ಬಳನ್ನೇ ನೋಡುತ್ತಾ ಕೂತಳು. ನಾನು ಬಾಯಿ ತೆರೆದವಳು ತೆರೆದ ಹಾಗೆಯೇ, ಚಪ್ಪಾಳೆಗೆ ಎತ್ತಿದ ಕೈ ಎತ್ತಿದ ಹಾಗೆಯೇ, ಅವಳು ಒತ್ತುವ ತನಕ ಕಾದೆ.